ಒತ್ತಿ ಎರೆದ ಅಲ್ಯುಮಿನಿಯಂ



ರಾಮನಗರದ ಹಾದಿಯಲ್ಲಿ ಸಿಗುವ ಬಿಡದಿಗೆ ಮೊದಲು ಹೆಸರು ತಂದದ್ದು ತಟ್ಟೆ ಇಡ್ಲಿ. 1999ರ ಕೊನೆಗೆ ಅಲ್ಲಿನ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಕ್ವಾಲಿಸ್ ತಯಾರಿಕೆ ಶುರುವಾಯಿತು. ಇದೇ ಟೊಯೋಟಾ 1983ರ ಸುಮಾರಿಗೆ ಜಪಾನಿನಲ್ಲಿ ಡೀಸೆಲ್ ಎಂಜಿನ್ನಿಗೆ ಹೊಸ ಬಗೆಯ ಪಿಸ್ಟನ್ ತಂದಿತ್ತು. ಅಲ್ಯುಮಿನಿಯಂ ಪಿಸ್ಟನ್‌ನಲ್ಲಿ ಬೇಗ ಸವೆಯುವುದು ರಿಂಗ್ ಕೂರುವ ಗ್ರೂವ್. ಆ ಜಾಗಕ್ಕಷ್ಟೇ ಸೆರಾಮಿಕ್ ನಾರಿನ ಬಲ ಕೊಟ್ಟು, ಭಾರಿ ಒತ್ತಡದಲ್ಲಿ ಎರಕ ಹೊಯ್ದಿದ್ದರು.

ಒತ್ತಡ ಯಾಕೆ ಬೇಕು? ಕರಗಿದ ಅಲ್ಯುಮಿನಿಯಂ ಸೆರಾಮಿಕ್‌ಗೆ ತಾನಾಗಿ ಅಂಟುವುದಿಲ್ಲ. ಕೆಸುವಿನೆಲೆಯ ಮೇಲಿನ ನೀರಿನಂತೆ ಜಾರುತ್ತದೆ.

ಈ ತೊಡಕನ್ನು ಬೆಂಗಳೂರು ಚೆನ್ನಾಗಿ ಬಲ್ಲದು. 1960ರ ದಶಕದಲ್ಲಿ ಅಮೆರಿಕದ ಇಂಕೋ ಪ್ರಯೋಗಾಲಯದಲ್ಲಿ ಅಲ್ಯುಮಿನಿಯಂಗೆ ನಿಕಲ್ ಲೇಪಿಸಿದ ಗ್ರಾಫೈಟ್ ಪುಡಿ ಬೆರೆಸಿದ್ದ ಪ್ರದೀಪ್ ರೋಹಟ್ಗಿ, ಮುಂದಿನ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಅವರೂ ಎಂ.ಕೆ. ಸೂರಪ್ಪನವರೂ ಸೆರಾಮಿಕ್ ಕಣ ಬೆರೆಸಿದ ಎರಕದ ಬಗ್ಗೆ 1981ರಲ್ಲಿ ಪ್ರಬಂಧ ಪ್ರಕಟಿಸಿದರು. ಲೋಹ ಕರಗಿಸಿ, ಸುಳಿ ಏಳುವಂತೆ ಕಲಕಿ, ಪುಡಿ ಸುರಿಯುವ ಈ ವಿಧಾನಕ್ಕೆ ಖರ್ಚು ಕಡಿಮೆ. ಆದರೆ ಸುಳಿ ಪುಡಿಯ ಜೊತೆಗೆ ಗಾಳಿಯನ್ನೂ ಒಳಗೆಳೆಯುತ್ತದೆ. ಆರಿದ ಮೇಲೆ ಉಳಿಯುವ ಸಣ್ಣ ತೂತುಗಳಿಂದಲೇ ಬಿರುಕು ಹೊರಡುತ್ತದೆ.

ಈ ತೂತುಗಳನ್ನು ಮುಚ್ಚಲು ದಾರಿ ಒತ್ತಡ. ಗಟ್ಟಿಯಾಗುತ್ತಿರುವ ಲೋಹವನ್ನು ಒತ್ತುವ ಯೋಚನೆ ಹಳೆಯದು. ರಷ್ಯಾದ ಲೋಹವಿಜ್ಞಾನಿ ಚೆರ್ನೋವ್ 1878ರಲ್ಲೇ ಉಗಿಯ ಒತ್ತಡ ಬಳಸಬಹುದೆಂದು ಸೂಚಿಸಿದ್ದರು. 1931ರಲ್ಲಿ ಜರ್ಮನಿಯಲ್ಲಿ ಅಲ್ಯುಮಿನಿಯಂ-ಸಿಲಿಕಾನ್ ಮಿಶ್ರಲೋಹದ ಮೇಲೆ ಪ್ರಯೋಗ ನಡೆಯಿತು.

ಇಂಥ ಎರಕಕ್ಕೆ ಸಾಮಾನ್ಯವಾಗಿ 50ರಿಂದ 150 ಮೆಗಾಪ್ಯಾಸ್ಕಲ್ ಒತ್ತಡ ಬೇಕು. 100 ಮೆಗಾಪ್ಯಾಸ್ಕಲ್ ಅಂದರೆ 10 ಸೆಂಟಿಮೀಟರ್ ಅಗಲದ ಪಿಸ್ಟನ್ ತಲೆಯ ಮೇಲೆ ಸುಮಾರು 80 ಟನ್ ಭಾರ! ಲೋಹ ನಾರುಗಳ ಸಂದಿಗೆ ನುಗ್ಗುತ್ತದೆ, ತೂತುಗಳು ಮುಚ್ಚುತ್ತವೆ. ಅಚ್ಚಿನ ಗೋಡೆಗೆ ಒತ್ತಿಕೊಂಡ ಲೋಹ ಬೇಗ ಆರುವುದರಿಂದ ಅದರ ಹರಳುಗಳು ಸಣ್ಣವಾಗುತ್ತವೆ, ಬಲ ಹೆಚ್ಚುತ್ತದೆ.

ಹಾಗೆಂದು ಒತ್ತಡ ಏರಿಸಿದಷ್ಟೂ ಲಾಭವಿಲ್ಲ. ತೂತುಗಳು ಮುಚ್ಚಿದ ಮೇಲೆ ಬಲ ಹೆಚ್ಚೇನೂ ಏರುವುದಿಲ್ಲ. ರಭಸದಿಂದ ಒತ್ತಿದರೆ ಅಚ್ಚಿನಲ್ಲಿ ಮೊದಲೇ ಇಟ್ಟ ನಾರಿನ ದಿಂಡೇ ಕುಸಿಯುತ್ತದೆ, ತಡವಾದರೆ ಲೋಹ ಹೆಪ್ಪುಗಟ್ಟಿ ಒಳಕ್ಕಿಳಿಯುವುದಿಲ್ಲ. ಈ ಹದ ಹಿಡಿದ ಹೊಂಡಾ, 1990ರ ದಶಕದ ಆರಂಭದಲ್ಲಿ ಪ್ರೆಲ್ಯೂಡ್ ಕಾರಿನ ಎಂಜಿನ್ ಬ್ಲಾಕ್‌ನಿಂದ ಬೀಡುಕಬ್ಬಿಣದ ಲೈನರ್ ತೆಗೆದು, ಅಲ್ಯುಮಿನಾ ಮತ್ತು ಕಾರ್ಬನ್ ನಾರು ಬೆರೆತ ಅಲ್ಯುಮಿನಿಯಂ ಸಿಲಿಂಡರನ್ನೇ ಕೂರಿಸಿತು.