ಗಾಡಿ ಸೀಜ್ ಮಾಡೋಕೆ ಬಂದ್ರೆ: ಕೀ ಕೊಡೋ ಮೊದಲು ಏನು ಕೇಳಬೇಕು?

ಇವತ್ತಿನ ಮಾತು ಲೋನ್ ಮೇಲೆ ಗಾಡಿ ತಗೊಂಡಿರೋ ಎಲ್ಲರಿಗೂ. ಮೂರು ಕಂತು ಬಾಕಿ ಇದೆ ಅಂದ್ಕೊಳ್ಳಿ. ಟೋಲ್ ಹತ್ರ ಇಬ್ಬರು ಅಡ್ಡ ನಿಂತು 'ಕೀ ಕೊಡಿ' ಅಂತಾರೆ. ಸುತ್ತ ಜನ ನೋಡ್ತಿದ್ದಾರೆ. ಆ ನಾಚಿಕೆಗೇ ಎಷ್ಟೋ ಜನ ಮರುಮಾತಿಲ್ಲದೆ ಕೀ ಕೊಟ್ಟುಬಿಡ್ತಾರೆ.

ಸೀಜರ್ ಅಂತ ನಾವು ಕರೆಯೋ ಇವರು ಸಾಮಾನ್ಯವಾಗಿ ಫೈನಾನ್ಸ್ ಕಂಪನಿಯ ನೌಕರರಲ್ಲ, ಏಜೆನ್ಸಿಯವರು. ಗಾಡಿ ಸಿಕ್ಕರೆ ಕಮಿಷನ್. ಅನಾಹುತ ಆಗೋದು ಆ ಅವಸರದಲ್ಲೇ. 2022ರ ಸೆಪ್ಟೆಂಬರ್‌ನಲ್ಲಿ ಜಾರ್ಖಂಡ್‌ನ ಹಜಾರಿಬಾಗ್‌ನಲ್ಲಿ ಟ್ರ್ಯಾಕ್ಟರ್ ಜಪ್ತಿ ಮಾಡುವಾಗ ರೈತರೊಬ್ಬರ ಗರ್ಭಿಣಿ ಮಗಳು ಅದೇ ಟ್ರ್ಯಾಕ್ಟರ್‌ಗೆ ಸಿಕ್ಕಿ ಸತ್ತರು. ಆಮೇಲೆ ಆರ್‌ಬಿಐ, ಹೊರಗಿನ ಏಜೆಂಟರಿಂದ ವಸೂಲಿ ಮಾಡಿಸದಂತೆ ಆ ಕಂಪನಿಗೆ ಕೆಲವು ತಿಂಗಳು ತಡೆ ಹಾಕಿತ್ತು.

ಒಪ್ಪಂದದಂತೆ ಗಾಡಿ ವಶಕ್ಕೆ ಪಡೆಯೋ ಹಕ್ಕು ಕಂಪನಿಗೆ ಇದೆ, ನಿಜ. ಆದ್ರೆ ಬೆದರಿಸೋ, ಕೈ ಮಾಡೋ ಹಕ್ಕು ಯಾರಿಗೂ ಇಲ್ಲ. ತೋಳ್ಬಲ ಬಳಸಿ ಗಾಡಿ ಕಸಿಯೋದನ್ನ ಸುಪ್ರೀಂ ಕೋರ್ಟ್ 2007ರಲ್ಲೇ ಖಂಡಿಸಿದೆ. ವಸೂಲಿಗೆ ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡಬಾರದು ಅಂತ ಆರ್‌ಬಿಐ 2022ರಲ್ಲಿ ಹೇಳಿದೆ.

ಹಾಗಾಗಿ ಜಗಳ ಬೇಡ, ಗಾಡಿ ಓಡಿಸ್ಕೊಂಡು ತಪ್ಪಿಸ್ಕೊಳ್ಳೋದೂ ಬೇಡ. ಮೂರು ಕೇಳಿ: ಗುರುತಿನ ಚೀಟಿ, ಕಂಪನಿ ಕೊಟ್ಟ ಅಧಿಕಾರ ಪತ್ರ, ನೋಟಿಸ್ ಪ್ರತಿ. ಫೋಟೋ ತಗೊಳ್ಳಿ. ಕಂಪನಿಗೆ ನೀವೇ ಫೋನ್ ಮಾಡಿ ಖಚಿತ ಮಾಡ್ಕೊಳ್ಳಿ. ಬೆದರಿಸಿದ್ರೆ 112.

ಗಾಡಿ ಕೊಡಲೇಬೇಕಾಗಿ ಬಂದ್ರೆ ಒಳಗಿರೋ ನಿಮ್ಮ ಸಾಮಾನು ತೆಗೆದುಕೊಳ್ಳಿ. ಗಾಡಿ ಯಾವ ಸ್ಥಿತಿಯಲ್ಲಿತ್ತು, ಎಷ್ಟು ಕಿಲೋಮೀಟರ್ ಓಡಿತ್ತು ಅಂತ ಬರೆಸಿ ರಸೀದಿ ಪಡೀರಿ. 'ಸ್ವಇಚ್ಛೆಯಿಂದ ಒಪ್ಪಿಸಿದ್ದೇನೆ' ಅನ್ನೋ ಕಾಗದಕ್ಕೆ ಓದದೇ ಸಹಿ ಹಾಕಬೇಡಿ.

ಇನ್ನೊಂದು ಮಾತು. ಗಾಡಿ ಹೋದ ಮಾತ್ರಕ್ಕೆ ಸಾಲ ತೀರಲ್ಲ. ಮಾರೋ ಮೊದಲು ಬಾಕಿ ಕಟ್ಟೋಕೆ ಕೊನೆಯ ಅವಕಾಶ ಕೊಡಬೇಕು ಅನ್ನೋದು ನಿಯಮ. ಅದನ್ನ ಬರವಣಿಗೆಯಲ್ಲೇ ಕೇಳಿ. ಹರಾಜಿನ ಹಣ ಸಾಲಕ್ಕೆ ಸಾಲದಿದ್ರೆ ಉಳಿದಿದ್ದು ನಿಮ್ಮ ತಲೆ ಮೇಲೆ. ಹೆಚ್ಚಾದ್ರೆ ಆ ಹಣ ನಿಮ್ಮದು. ಲೆಕ್ಕ ಕೇಳಿ.

ದೂರು ಮೊದಲು ಕಂಪನಿಗೇ ಕೊಡಿ. 30 ದಿನದಲ್ಲಿ ಉತ್ತರ ಬರದಿದ್ರೆ ಆರ್‌ಬಿಐ ಓಂಬುಡ್ಸ್‌ಮನ್‌ಗೆ ಹೋಗಬಹುದು, ಶುಲ್ಕ ಇಲ್ಲ. ಮಾಹಿತಿಗೆ 14448.

ಎಲ್ಲಕ್ಕಿಂತ ಮೊದಲು, ಕಂತು ತಪ್ಪುತ್ತೆ ಅನ್ನಿಸಿದ ದಿನವೇ ಕಂಪನಿಗೆ ಇಮೇಲ್ ಹಾಕಿ, ಕಾಲಾವಕಾಶ ಕೇಳಿ. ಫೋನ್ ಸ್ವಿಚ್ ಆಫ್ ಮಾಡಬೇಡಿ. ಕಂತು ತಪ್ಪಿದ್ದಕ್ಕೇ ಯಾರೂ ಕಳ್ಳರಾಗಲ್ಲ. ತಲೆ ಎತ್ತಿ ಕಾಗದ ಕೇಳಿ.