ರಕ್ತದಲ್ಲಿ ಗರ್ಭದ ಗುರುತು: ಕರು ಹಾಕಿದ ದಿನಾಂಕವನ್ನು ಏಕೆ ಕೇಳಬೇಕು?

(ಬಂಟ್ವಾಳ, ಬೆಳ್ತಂಗಡಿ ಹಾಗೂ ಮೂಡುಬಿದಿರೆ ತಾಲ್ಲೂಕುಗಳ ಗ್ರಾಮ ಪಂಚಾಯತ್ ಸದಸ್ಯರಿಗೆ ನೀಡಿದ ಉಪನ್ಯಾಸದ ಪಠ್ಯ)



ಪಶು ಆರೋಗ್ಯ ಶಿಬಿರ ಏರ್ಪಡಿಸಿದಾಗ ಹೈನುಗಾರರು ತಮ್ಮನ್ನು ಕೇಳುವ ಮೊದಲ ಪ್ರಶ್ನೆ, "ನಮ್ಮ ದನ ಗಬ್ಬವೋ ಅಲ್ಲವೋ?" ಎಂಬುದು. ಹಸುವಿನ ಬೆದೆಯ ಚಕ್ರ ಸುಮಾರು 21 ದಿನಗಳದ್ದು. ಕೃತಕ ಗರ್ಭಧಾರಣೆಯ ಬಳಿಕ ಗರ್ಭ ನಿಲ್ಲದ ಹಸುವನ್ನು ಗಬ್ಬವೆಂದೇ ನಂಬಿ ಮೂರು ತಿಂಗಳು ಸಾಕಿದರೆ ನಾಲ್ಕು ಬೆದೆಗಳು ಕೈತಪ್ಪುತ್ತವೆ. ಹಟ್ಟಿಯಲ್ಲೇ ಕಟ್ಟಿ ಸಾಕುವ ಮಿಶ್ರತಳಿ ಹಸುಗಳಲ್ಲಿ, ಅದರಲ್ಲೂ ನಮ್ಮ ಎಡೆಬಿಡದ ಮಳೆಗಾಲದಲ್ಲಿ, ಬೆದೆಯ ಲಕ್ಷಣ ಕಣ್ಣಿಗೆ ಬೀಳದಿರುವುದು ಸಾಮಾನ್ಯ.

ಪಶುವೈದ್ಯರು ಗುದದ್ವಾರದ ಮೂಲಕ ಗರ್ಭಕೋಶವನ್ನು ಮುಟ್ಟಿ ನೋಡುವ ಕೈಪರೀಕ್ಷೆಯನ್ನು ಸಾಮಾನ್ಯವಾಗಿ 60ರಿಂದ 90 ದಿನಗಳ ನಡುವೆ ಮಾಡುತ್ತಾರೆ. ರಕ್ತಪರೀಕ್ಷೆಯಾದರೋ 28ನೆಯ ದಿನದ ಹೊತ್ತಿಗೇ ಉತ್ತರ ನೀಡಬಲ್ಲದು. ಹಸು, ಎಮ್ಮೆ, ಆಡು, ಕುರಿಗಳ ಮಾಸಿನಲ್ಲಿ ಎರಡು ಕೋಶಕೇಂದ್ರಗಳುಳ್ಳ ವಿಶಿಷ್ಟ ಜೀವಕೋಶಗಳಿವೆ. ಅವು ಭ್ರೂಣದ ಕಡೆಯಿಂದ ತಾಯಿಯ ಕಡೆಗೆ ಸರಿದು, ಸಕ್ಕರೆಯ ಅಂಶ ಕೂಡಿಕೊಂಡ ಒಂದು ಬಗೆಯ ಪ್ರೋಟೀನುಗಳನ್ನು ತಾಯಿಯ ರಕ್ತಕ್ಕೆ ಬಿಡುತ್ತವೆ. ಇವುಗಳಿಗೆ ಪ್ರೆಗ್ನೆನ್ಸಿ ಅಸೋಸಿಯೇಟೆಡ್ ಗ್ಲೈಕೋಪ್ರೋಟೀನ್, ಸಂಕ್ಷೇಪವಾಗಿ 'ಪ್ಯಾಗ್', ಎಂದು ಹೆಸರು. ಹಸುವಿನ ಮಾಸಿನಲ್ಲಿ ಇಂಥ ಪ್ರೋಟೀನನ್ನು ಅಮೆರಿಕದ ಸಂಶೋಧಕರು 1982ರಲ್ಲಿ ವರದಿ ಮಾಡಿದರು. ಇಂದು ಹಾಲಿನಲ್ಲಿಯೂ ಇದನ್ನು ಅಳೆಯಲಾಗುತ್ತದೆ.

ಕಿಟ್ ಕೊಳ್ಳುವ ಪ್ರಸ್ತಾವ ತಮ್ಮ ಸಭೆಯ ಮುಂದೆ ಬಂದಾಗ ಗಮನಿಸಬೇಕಾದ ಸಂಗತಿಯೊಂದುಂಟು. ಕರು ಹೊರಬಂದು ಮಾಸು ಬಿದ್ದರೂ ಈ ಪ್ರೋಟೀನು ರಕ್ತದಿಂದ ಕೂಡಲೇ ಮರೆಯಾಗುವುದಿಲ್ಲ. ಗರ್ಭಕ್ಕೆ 30 ದಿನವಾದಾಗ ಒಂದು ಮಿಲಿಲೀಟರಿನಲ್ಲಿ ಕೆಲವೇ ನ್ಯಾನೋಗ್ರಾಂ ಇರುವ ಪ್ಯಾಗ್, ಹೆರಿಗೆಯ ಹೊತ್ತಿಗೆ ಸಾವಿರಾರು ನ್ಯಾನೋಗ್ರಾಂಗೆ ಏರಿರುತ್ತದೆ. ಬಳಿಕ ಸುಮಾರು 8–9 ದಿನಗಳಿಗೊಮ್ಮೆ ಅರ್ಧರ್ಧವಾಗಿ ಇಳಿಯುತ್ತದೆ.

ಲೆಕ್ಕ ಹಾಕಿ ನೋಡೋಣ. ಹಸುವೊಂದು ಜೂನ್ 1ರಂದು ಕರು ಹಾಕಿತು. ಜುಲೈ 16ರಂದು ಕೃತಕ ಗರ್ಭಧಾರಣೆಯಾಯಿತು. 28 ದಿನ ಕಳೆದು ಆಗಸ್ಟ್ 13ರಂದು ರಕ್ತ ತೆಗೆದರು ಎನ್ನಿ. ಕರು ಹಾಕಿ ಅಂದಿಗೆ 73 ದಿನ. 9 ದಿನಗಳ ಲೆಕ್ಕದಲ್ಲಿ ಎಂಟು ಬಾರಿ ಅರ್ಧವಾದರೆ ಉಳಿಯುವುದು 256ರಲ್ಲಿ ಒಂದು ಪಾಲು. ಮೊದಲಿದ್ದುದು 2,500 ನ್ಯಾನೋಗ್ರಾಂ ಆದರೆ ಇನ್ನೂ ಸುಮಾರು 10 ಉಳಿದಿದೆ! ಹೊಸ ಗರ್ಭವಿಲ್ಲದಿದ್ದರೂ ಪರೀಕ್ಷೆ 'ಗಬ್ಬ' ಎಂದೀತು. ಕರು ಹಾಕಿ 60 ದಿನ ಕಳೆದ ಮೇಲೆ ಪರೀಕ್ಷಿಸಬಹುದೆಂದು ಕೆಲವು ಕಿಟ್‌ಗಳಲ್ಲಿ ಸೂಚನೆಯಿರುತ್ತದೆ; ಆದರೆ ಕೆಲವು ಹಸುಗಳಲ್ಲಿ ಹಳೆಯ ಗುರುತು 80ರಿಂದ 100 ದಿನಗಳವರೆಗೂ ಉಳಿಯುವುದುಂಟು. ಆಡುಗಳಲ್ಲಿ ಇದು ಸುಮಾರು ನಾಲ್ಕು ವಾರಗಳಲ್ಲಿ ಅಳಿಯುತ್ತದೆ. (ಎಮ್ಮೆಯ ಮಾತನ್ನು ವಿಸ್ತರಿಸುವುದಿಲ್ಲ, ನಮ್ಮ ಕಡೆ ಎಮ್ಮೆಗಿಂತ ಕಂಬಳದ ಕೋಣಕ್ಕೇ ಹೆಸರು ಹೆಚ್ಚು.)

ಎಳೆಯ ಭ್ರೂಣ ಗರ್ಭದಲ್ಲೇ ಸತ್ತಾಗಲೂ ಇದೇ ತೊಡಕು. ಕೆಲವು ದಿನ ರಕ್ತದಲ್ಲಿ ಗುರುತು ಉಳಿಯುತ್ತದೆ. ಆದ್ದರಿಂದ 28ನೆಯ ದಿನ 'ಗಬ್ಬ' ಎಂದು ಬಂದ ಹಸುವಿಗೂ 60 ದಿನಗಳ ನಂತರದ ಕೈಪರೀಕ್ಷೆ ಬೇಕೇ ಬೇಕು. ನನ್ನ ಅಭಿಪ್ರಾಯದಲ್ಲಿ ಈ ಪರೀಕ್ಷೆಯ ಹೆಚ್ಚಿನ ಬೆಲೆ ಇರುವುದು 'ಗಬ್ಬವಿಲ್ಲ' ಎಂಬ ಉತ್ತರದಲ್ಲಿ. ಸಕಾಲದಲ್ಲಿ ರಕ್ತ ತೆಗೆದಿದ್ದರೆ ಆ ಉತ್ತರ ಬಹುಮಟ್ಟಿಗೆ ನಂಬಲರ್ಹ. ಮುಂದಿನ ಬೆದೆಯನ್ನೇ ಬಳಸಿಕೊಳ್ಳಬಹುದು. ಹಾಗೆಂದು ಪಶುವೈದ್ಯರ ಸಲಹೆಯಿಲ್ಲದೆ ಬೆದೆ ಬರಿಸುವ ಪ್ರೊಸ್ಟಾಗ್ಲಾಂಡಿನ್ ಚುಚ್ಚುಮದ್ದಿಗೆ ಯಾರೂ ಮುಂದಾಗಬಾರದು. ಗಬ್ಬದ ಹಸುವಿಗೆ ಅದನ್ನು ಕೊಟ್ಟರೆ ಕರು ಹೋಗುತ್ತದೆ.

ಪಂಚಾಯತ್‌ಗಳಲ್ಲಿ ನನ್ನ ವಿನಂತಿ ಇಷ್ಟೇ. ಶಿಬಿರದ ನೋಂದಣಿ ಪುಸ್ತಕದಲ್ಲಿ ಮಾಲೀಕರ ಹೆಸರಿನ ಮುಂದೆ ಇನ್ನೂ ಮೂರು ಅಂಕಣ ಎಳೆಯಿಸಿ: ಕಿವಿಯೋಲೆಯ 12 ಅಂಕಿಗಳ ಸಂಖ್ಯೆ, ಕಡೆಯ ಬಾರಿ ಕರು ಹಾಕಿದ ದಿನಾಂಕ, ಕೃತಕ ಗರ್ಭಧಾರಣೆಯ ದಿನಾಂಕ. ದಿನಾಂಕ ನೆನಪಿಲ್ಲದವರು ಹಲವರು ಇರುತ್ತಾರೆ. ಹಾಲು ಉತ್ಪಾದಕರ ಸಂಘಕ್ಕೆ ಮತ್ತೆ ಹಾಲು ಹಾಕತೊಡಗಿದ ದಿನವನ್ನು ಕೇಳಿದರೆ ಅಂದಾಜು ಸಿಗುತ್ತದೆ. ಶಿಬಿರದ ಕರಪತ್ರ ಅಚ್ಚಿಗೆ ಹೋಗುವ ಮೊದಲು "ಕರು ಹಾಕಿದ ದಿನಾಂಕವನ್ನು ಬರೆದು ತನ್ನಿರಿ" ಎಂಬ ಸಾಲೊಂದನ್ನು ಅದಕ್ಕೆ ಸೇರಿಸಿರಿ.