ಉಗುರಿನ ಬುಡ ಕಾಯುವ ಕೆಲಸ



ಉಗುರಿನ ಆರೈಕೆಯ ಪ್ರದರ್ಶನ ಎಂದರೆ ಬಣ್ಣದ ಶೀಶೆಗಳು, ಮದುವಣಗಿತ್ತಿಯ ಕೈ, ಮಿನುಗುವ ಕಲ್ಲು ಅಂಟಿಸಿದ ಉಗುರು ಕಣ್ಣ ಮುಂದೆ ಬರುತ್ತವೆ. ಅವೂ ಇಲ್ಲಿವೆ, ಇರಬೇಕು. ದೀಪ ಬೆಳಗುವ ಮೊದಲು ಒಂದು ಸುತ್ತು ಹಾಕಿ ಬಂದೆ. ನಾನು ತುಂಬ ಹೊತ್ತು ನಿಂತದ್ದು ಬಲಮೂಲೆಯ ಮಳಿಗೆಯಲ್ಲಿ. ನಾಟಿ ಮಾಡುವ ಹೆಂಗಸರ ಬೆರಳುಗಳ ಫೋಟೊಗಳನ್ನು ದೊಡ್ಡದು ಮಾಡಿ ಅಲ್ಲಿ ತೂಗುಹಾಕಿದ್ದೀರಿ. ಒಂದು ಹೆಬ್ಬೆರಳಿನ ಉಗುರಿನ ಅಂಚು ಸವೆದು ಒಳಕ್ಕೆ ಸರಿದಿದೆ. ಬುಡದ ಚರ್ಮ ಊದಿಕೊಂಡು, ಕೆಂಪಗೆ ಹೊಳೆಯುತ್ತಾ, ಉಗುರನ್ನು ಬಿಟ್ಟು ಮೇಲೆದ್ದಿದೆ. ಉಗುರಿನ ಮೈಯಲ್ಲಿ ಅಡ್ಡಡ್ಡ ಏರುತಗ್ಗು, ಒಂದು ಪಕ್ಕಕ್ಕೆ ಹಸಿರುಗಪ್ಪು. ಅದರ ಪಕ್ಕದಲ್ಲೇ ಮದುಮಗಳ ಬಣ್ಣ ಹಚ್ಚಿದ ಉಗುರಿನ ಫೋಟೊ. ಈ ಎರಡನ್ನೂ ಒಂದೇ ಗೋಡೆಗೆ ತೂಗುಹಾಕಿದವರಿಗೆ ನನ್ನ ಮನಸಾರೆ ವಂದನೆ. ಏಕೆಂದರೆ ಎರಡಕ್ಕೂ ಕೇಡು ಹೊಗುವ ಜಾಗ ಒಂದೇ. ಆ ಕೇಡನ್ನು ವೈದ್ಯರಿಗಿಂತ ಮೊದಲು ಕಾಣುವವರು ಜನರ ಕೈಕಾಲು ಹಿಡಿದು ಕೆಲಸ ಮಾಡುವ ನೀವು, ಬ್ಯೂಟಿ ಪಾರ್ಲರಿನ ಸೋದರಿಯರು, ಸವಿತಾ ಸಮಾಜದ ಅಣ್ಣಂದಿರು. ಇದನ್ನು ಹೇಳಲೆಂದೇ ನಾನು ಬಂದಿದ್ದೇನೆ.

ಕಣ್ಣಿಗೆ ಕಾಣುವ ಉಗುರು ಕೆರಾಟಿನ್ ಎಂಬ ಗಟ್ಟಿ ಪ್ರೋಟೀನಿನ ತಟ್ಟೆ. ಅದಕ್ಕೆ ಜೀವವಿಲ್ಲ, ಕತ್ತರಿಸಿದರೆ ನೋಯುವುದಿಲ್ಲ. ಜೀವ ಇರುವುದು ಬುಡದಲ್ಲಿ, ಚರ್ಮದ ಮಡಿಕೆಯ ಕೆಳಗೆ. ಅದನ್ನು ಮೇಟ್ರಿಕ್ಸ್ ಎನ್ನುತ್ತೇವೆ. ಹೆಬ್ಬೆರಳಿನ ಉಗುರಿನ ಬುಡದಲ್ಲಿ ಬೆಳ್ಳಗೆ ಅರ್ಧಚಂದ್ರ ಕಾಣುತ್ತದಲ್ಲ, ಅದು ಮೇಟ್ರಿಕ್ಸಿನ ಹೊರತುದಿ. ಅಲ್ಲಿ ಹುಟ್ಟಿದ ಕೋಶಗಳು ಚಪ್ಪಟೆಯಾಗಿ, ಗಟ್ಟಿಯಾಗಿ, ಮುಂದಕ್ಕೆ ಸರಿಯುತ್ತಾ ಹೋಗುತ್ತವೆ. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆದರೆ ಕಾಲುಗುರು ಅದರ ಅರ್ಧದಷ್ಟೂ ಬೆಳೆಯುವುದು ಕಷ್ಟ. ಕೈಯುಗುರು ಪೂರ್ತಿ ಹೊಸದಾಗಲು 6 ತಿಂಗಳು ಬೇಕು, ಕಾಲಿನ ಹೆಬ್ಬೆರಳಿಗೆ 12ರಿಂದ 18 ತಿಂಗಳು. ಸಂಕ್ರಾಂತಿಗೆ ಕಿತ್ತುಹೋದ ಕಾಲುಗುರು ಮುಂದಿನ ಸಂಕ್ರಾಂತಿಗೂ ಪೂರ್ತಿ ಬಂದಿರಲಿಕ್ಕಿಲ್ಲ. ಟೈಫಾಯ್ಡೋ ಡೆಂಗಿಯೋ ಬಂದು ಮೈ ಸೋತಾಗ ಮೇಟ್ರಿಕ್ಸ್ ಕೆಲವು ದಿನ ಕೆಲಸ ನಿಲ್ಲಿಸುತ್ತದೆ. ಒಂದೆರಡು ತಿಂಗಳಾದ ಮೇಲೆ ಉಗುರುಗಳ ಮೇಲೆ ಅಡ್ಡಗೆರೆಯಾಗಿ ಅದು ಕಾಣಿಸಿಕೊಳ್ಳುತ್ತದೆ.

ಉಗುರಿನ ತಟ್ಟೆಗೂ ಬುಡದ ಚರ್ಮಕ್ಕೂ ನಡುವೆ ತೆಳ್ಳನೆಯ ಒಂದು ಪೊರೆ ಇದೆ, ನಿಮ್ಮ ಭಾಷೆಯಲ್ಲೂ ಅದು ಕ್ಯೂಟಿಕಲ್ಲೇ. ಗದ್ದೆಗೆ ಬದು ಹೇಗೋ ಉಗುರಿಗೆ ಅದು ಹಾಗೆ. ಬದು ಕುಸಿದರೆ ಮೇಲಿನ ಗದ್ದೆಯ ನೀರೆಲ್ಲ ನುಗ್ಗುತ್ತದೆ. ಪೊರೆ ಹರಿದರೆ ಕೆಸರು, ಸೋಪು, ಬ್ಯಾಕ್ಟೀರಿಯಾ, ಯೀಸ್ಟ್ ಎಲ್ಲವೂ ನೇರವಾಗಿ ಬುಡಕ್ಕೆ ಇಳಿಯುತ್ತವೆ. ನಾಟಿ ಮಾಡುವವರಲ್ಲಿ ದಿನವಿಡೀ ನೆನೆದು ನೆನೆದು ಪೊರೆ ಕರಗಿ ಹೋಗುತ್ತದೆ. ಪಾರ್ಲರಿನಲ್ಲಿ ನಿಪ್ಪರ್ ಹಿಡಿದು ನಾವೇ ಅದನ್ನು ಕತ್ತರಿಸಿ ಹಾಕುತ್ತೇವೆ, ನೋಟ ಚೊಕ್ಕವಾಗಲಿ ಎಂದು. ಆಮೇಲೆ ಆಗುವುದು ಇಬ್ಬರಿಗೂ ಒಂದೇ: ಉಗುರುಸುತ್ತು.

ಕನ್ನಂಬಾಡಿ ಕಟ್ಟೆಯ ನೀರು 1930ರ ದಶಕದಲ್ಲಿ ನಾಲೆಗಳಲ್ಲಿ ಹರಿದು ಬಂದಾಗಿನಿಂದ ಈ ಸೀಮೆ ಹಸಿರಾಯಿತು, ಹೊಟ್ಟೆ ತುಂಬಿತು. ಅದೇ ನೀರಿನಲ್ಲಿ ನಮ್ಮ ಹೆಂಗಸರ ಕೈ ತಲೆಮಾರುಗಳಿಂದ ನೆನೆಯುತ್ತಾ ಬಂದಿದೆ. ಒಟ್ಲಿನಿಂದ ಪೈರು ಕೀಳುವಾಗ, ಕಟ್ಟು ಬಿಚ್ಚಿ ಹೆಬ್ಬೆರಳಿಂದ ಒತ್ತಿ ಕೆಸರಿಗೆ ಊರುವಾಗ, ಬೆಳಗ್ಗೆಯಿಂದ ಸಂಜೆವರೆಗೂ ಅದೇ ಮೂರು ಬೆರಳು. ಮನೆಗೆ ಬಂದರೆ ಪಾತ್ರೆ, ಬಟ್ಟೆ, ಕೊಟ್ಟಿಗೆ. ಒಣಗಲು ಬೆರಳಿಗೆ ಹೊತ್ತೆಲ್ಲಿದೆ? ಕಾಲಿಗೆ ಬರುವ ಕೆಸರುಹುಣ್ಣು ಎಲ್ಲರಿಗೂ ಗೊತ್ತು. ಕೈಯುಗುರಿನ ಈ ನಿಧಾನದ ಉಗುರುಸುತ್ತನ್ನು ಮಾತ್ರ ಯಾರೂ ಕಾಯಿಲೆ ಎಂದು ಎಣಿಸುವುದಿಲ್ಲ. ಆರು ವಾರ ದಾಟಿದ ಊತ ಬರೀ ಕೀವಿನ ಮಾತ್ರೆಗೆ ಬಗ್ಗುವುದಿಲ್ಲ, ಕೈ ಒಣಗಿಟ್ಟುಕೊಳ್ಳದೆ ಅದಕ್ಕೆ ಗುಣವಿಲ್ಲ. ಗ್ಲೌಸ್ ಹಾಕಿಕೊಂಡು ನಾಟಿ ಮಾಡಿ ಎಂದು ಹೇಳಿ ವೈದ್ಯರು ಕೈತೊಳೆದುಕೊಳ್ಳುವುದು ಸುಲಭ. ಗ್ಲೌಸ್ ಹಾಕಿದ ಕೈಗೆ ಪೈರಿನ ಬುಡ ಸಿಗುವುದಿಲ್ಲ, ಅದು ನನಗೂ ಗೊತ್ತು. ಆಗುವುದನ್ನು ಹೇಳುತ್ತೇನೆ. ಗದ್ದೆಯಿಂದ ಎದ್ದ ಮೇಲೆ ಒಳ್ಳೆಯ ನೀರಿನಲ್ಲಿ ಕೈ ತೊಳೆದು, ಬೆರಳ ಸಂದು ಬಿಡದೆ ಬಟ್ಟೆಯಲ್ಲಿ ಒರಸಿ. ಮನೆಯಲ್ಲಿ ಪಾತ್ರೆ ಬೆಳಗುವಾಗ ಮಾತ್ರ ರಬ್ಬರ್ ಗ್ಲೌಸ್, ಅದರೊಳಗೆ ಹತ್ತಿಯ ಗ್ಲೌಸ್ ಇರಲಿ. ಮಲಗುವ ಮುಂಚೆ ಉಗುರಿನ ಬುಡಕ್ಕೆ ವ್ಯಾಸಲೀನ್ ಸವರಿ. ಎರಡು ವಾರದಲ್ಲಿ ಇಳಿಯಲಿಲ್ಲವೆಂದರೆ ಆಸ್ಪತ್ರೆಗೆ ಬನ್ನಿ.

ಇನ್ನೊಂದು ಬಗೆಯ ಉಗುರುಸುತ್ತು ಇದ್ದಕ್ಕಿದ್ದಂತೆ ಬರುತ್ತದೆ. ಉಗುರಿನ ಪಕ್ಕದ ಸಿಪ್ಪೆಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದಿರುತ್ತೇವೆ, ಎರಡು ದಿನಕ್ಕೆ ಬೆರಳು ಕೆಂಪಾಗಿ, ರಾತ್ರಿಯೆಲ್ಲ ಪಟಪಟ ಮಿಡಿಯುತ್ತದೆ. ಆಗ ನಮ್ಮ ಮನೆಗಳಲ್ಲಿ ನಿಂಬೆಹಣ್ಣಿಗೆ ತೂತು ಮಾಡಿ ಬೆರಳಿಗೆ ತೊಡಿಸುವುದು ವಾಡಿಕೆ. ಹಿರಿಯರು ಅಕ್ಕರೆಯಿಂದ ಮಾಡಿದ ಉಪಚಾರ ಅದು. ಆದರೆ ನಿಂಬೆಹಣ್ಣಿನೊಳಗೆ ಬೆರಳು ಇನ್ನಷ್ಟು ನೆನೆಯುತ್ತದೆ, ಕೀವು ಎಲ್ಲಿಯವರೆಗೆ ಹೋಯಿತು ಎಂಬುದೂ ಕಾಣಿಸುವುದಿಲ್ಲ. ಮೊದಲ ದಿನವೇ ಉಗುರುಬೆಚ್ಚಗಿನ ನೀರಿನಲ್ಲಿ ದಿನಕ್ಕೆ ಮೂರ್ನಾಲ್ಕು ಸಲ ಹತ್ತು ಹದಿನೈದು ನಿಮಿಷ ಅದ್ದಿ ಒಣಗಿಸಿದರೆ ಎಷ್ಟೋ ಸಲ ಅಲ್ಲಿಗೇ ನಿಲ್ಲುತ್ತದೆ. ಕೀವು ತುಂಬಿದರೆ ವೈದ್ಯರು ಒಂದು ಸಣ್ಣ ಗೀರು ಹಾಕಿ ತೆಗೆಯುತ್ತಾರೆ. ಬಿಟ್ಟರೆ ಅದು ಬೆರಳ ತುದಿಯ ಮಾಂಸಕ್ಕೆ, ಸ್ನಾಯುರಜ್ಜಿಗೆ, ಅಂಗೈಗೆ ಇಳಿಯಬಹುದು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡರು ಎಂಬ ಗಾದೆ ಆಪರೇಷನ್ ಥಿಯೇಟರಿನಲ್ಲಿ ನಿಜವಾಗುವುದು ಹೀಗೆ.

ಈಗ ಪಾರ್ಲರಿನ ಮಾತಿಗೆ ಬರುತ್ತೇನೆ. ಕ್ಯೂಟಿಕಲ್ ಕತ್ತರಿಸುವುದನ್ನು ದಯವಿಟ್ಟು ನಿಲ್ಲಿಸಿ. ನೆನೆಸಿದ ಮೇಲೆ ಮರದ ಕಡ್ಡಿಗೆ ಹತ್ತಿ ಸುತ್ತಿ ಮೆಲ್ಲಗೆ ಹಿಂದಕ್ಕೆ ಸರಿಸಿದರೆ ಸಾಕು, ಆ ಕಡ್ಡಿಯನ್ನು ಎಸೆದುಬಿಡಿ. ಉಗುರಿನ ಮೂಲೆಗಳನ್ನು ಒಳಕ್ಕೆ ಕೊರೆದು ಕತ್ತರಿಸಬೇಡಿ. ಕಾಲುಗುರನ್ನು ನೇರವಾಗಿ ಅಡ್ಡಕ್ಕೆ ಕತ್ತರಿಸದಿದ್ದರೆ ಅದು ಮಾಂಸದೊಳಕ್ಕೆ ಬೆಳೆಯುತ್ತದೆ.

ಉಪಕರಣದ ಬಗ್ಗೆ ಇನ್ನೂ ಗಟ್ಟಿಯಾಗಿ ಹೇಳಬೇಕು. 2000ನೇ ಇಸವಿಯಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ವಾಟ್ಸನ್‌ವಿಲ್ ಎಂಬ ಊರಿನ ಒಂದೇ ಒಂದು ನೇಲ್ ಸಲೂನಿನಲ್ಲಿ ಪೆಡಿಕ್ಯೂರ್ ಮಾಡಿಸಿಕೊಂಡ ನೂರಕ್ಕೂ ಹೆಚ್ಚು ಮಂದಿಗೆ ಮೊಣಕಾಲ ಕೆಳಗೆ ಕುರು ಎದ್ದವು. ತಿಂಗಳುಗಟ್ಟಲೆ ವಾಸಿಯಾಗಲಿಲ್ಲ. ತನಿಖೆ ಮಾಡಿದವರು ಕಾಲು ಅದ್ದುವ ತೊಟ್ಟಿಗಳ ನೀರೆಳೆಯುವ ಜಾಲರಿ ಬಿಚ್ಚಿ ನೋಡಿದರೆ ಹಿಂದೆ ಕೂದಲು, ಸತ್ತ ಚರ್ಮ ಮೆತ್ತಿಕೊಂಡಿತ್ತು. ಕ್ಷಯದ ಕ್ರಿಮಿಯ ದಾಯಾದಿಯಾದ ಒಂದು ಬ್ಯಾಕ್ಟೀರಿಯಾ ಅಲ್ಲಿ ಮನೆಮಾಡಿತ್ತು. ಪೆಡಿಕ್ಯೂರಿಗೆ ಮೊದಲು ಕಾಲಿನ ಕೂದಲು ಬೋಳಿಸಿಕೊಂಡಿದ್ದವರಿಗೆ ಅಪಾಯ ಹೆಚ್ಚಾಗಿತ್ತು. ನಮ್ಮಲ್ಲಿ ಬಹಳ ಕಡೆ ಬರೀ ಪ್ಲಾಸ್ಟಿಕ್ ಟಬ್ಬು. ಅದು ಒಂದು ರೀತಿ ಒಳ್ಳೆಯದೇ, ಉಜ್ಜಿ ತೊಳೆಯುವುದು ಸುಲಭ. ಆದರೆ ಒಬ್ಬರಿಗೆ ಹಾಕಿದ ನೀರನ್ನು ಇನ್ನೊಬ್ಬರಿಗೆ ಇಡಬೇಡಿ. ಪ್ರತಿ ಸಲ ಸೋಪಿನಲ್ಲಿ ತೊಳೆದು, ಬ್ಲೀಚಿಂಗ್ ದ್ರಾವಣ ಹಾಕಿ, ಒಣಗಿಸಿ.

ಆಂಟಿಸೆಪ್ಟಿಕ್ ವಾಸನೆ ಬರುವ ನೀರಿನಲ್ಲಿ ನಿಪ್ಪರ್ ಮುಳುಗಿಸಿ ಎತ್ತಿದರೆ ಅದು ಶುದ್ಧವಾಗುವುದಿಲ್ಲ. ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದ ಕಲೆಯಲ್ಲಿ ಕನಿಷ್ಠ ಒಂದು ವಾರ ಬದುಕಿರುತ್ತದೆ, ಕಣ್ಣಿಗೆ ಕಾಣದಷ್ಟು ರಕ್ತವಾದರೂ ಸರಿ. ಲೋಹದ ಉಪಕರಣವನ್ನು ಬ್ರಷ್ಷಿನಿಂದ ಉಜ್ಜಿ ತೊಳೆದು, ಒಣಗಿಸಿ, ಆಟೊಕ್ಲೇವಿನಲ್ಲಿ 121 ಡಿಗ್ರಿ ಸೆಲ್ಸಿಯಸ್ ಹಬೆಗೆ ಕನಿಷ್ಠ 15 ನಿಮಿಷ ಇಡಬೇಕು. ಮೊದಲು ತೊಳೆಯದೆ ಆಟೊಕ್ಲೇವಿಗೆ ಹಾಕಿದರೆ ಪ್ರಯೋಜನವಿಲ್ಲ, ಕೊಳೆಯ ಕೆಳಗೆ ಹಬೆ ಮುಟ್ಟುವುದಿಲ್ಲ. ಫೈಲ್, ಬಫರ್, ಪ್ಯೂಮಿಸ್ ಕಲ್ಲನ್ನು ಶುದ್ಧ ಮಾಡಲು ಆಗುವುದೇ ಇಲ್ಲ, ಒಬ್ಬರಿಗೆ ಒಂದು. ಮತ್ತೆ, ಈ ಕೆಲಸ ಮಾಡುವ ಪ್ರತಿಯೊಬ್ಬರೂ ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸು ತೆಗೆದುಕೊಳ್ಳಿ: ಇವತ್ತು, ಒಂದು ತಿಂಗಳಿಗೆ, ಆರು ತಿಂಗಳಿಗೆ. ಇದು ನಿಮ್ಮ ಜೀವದ ಮಾತು.

ಇಷ್ಟೆಲ್ಲ ಖರ್ಚು ಗಿರಾಕಿಯಿಂದ ಬರುತ್ತದೆಯೇ ಎಂದು ನೀವು ಕೇಳುತ್ತೀರಿ. ಸವಿತಾ ಸಮಾಜದ ಅಣ್ಣಂದಿರನ್ನು ನೋಡಿ. ಒಂದು ಕಾಲದಲ್ಲಿ ಒಂದೇ ಕತ್ತಿಯನ್ನು ಸಾಣೆಗೆ ತಿಕ್ಕಿ ಊರಿಗೆಲ್ಲ ಕ್ಷೌರ ನಡೆಯುತ್ತಿತ್ತು. ಏಡ್ಸ್ ಸುದ್ದಿ ಹಳ್ಳಿಹಳ್ಳಿಗೆ ಮುಟ್ಟಿದ ಮೇಲೆ ಜನರೇ ಕುರ್ಚಿಯಲ್ಲಿ ಕೂತು ಹೊಸ ಬ್ಲೇಡ್ ಹಾಕಪ್ಪ ಎಂದರು, ಇವರೂ ಕಣ್ಣೆದುರೇ ಕವರು ಹರಿದು ಹಾಕಿದರು. ಈಗ ಅದನ್ನು ಹೇಳುವ ಅಗತ್ಯವೂ ಇಲ್ಲ. ನಿಪ್ಪರಿಗೂ ಫೈಲಿಗೂ ಅಂಥ ಮಾತು ಬರಬೇಕು. ಗಿರಾಕಿಗಳಾದ ಅಕ್ಕಂದಿರೆ, ಕೇಳಿ, ಸಂಕೋಚ ಬೇಡ.

ಜೆಲ್ ಪಾಲಿಷ್ ಈಗ ಮದ್ದೂರಿಗೂ ಬಂದಿದೆ, ಮಳವಳ್ಳಿಗೂ ಬಂದಿದೆ. ಅದರಲ್ಲಿರುವ ಅಕ್ರಿಲೇಟುಗಳು ಗಟ್ಟಿಯಾಗುವ ಮೊದಲು ಚರ್ಮಕ್ಕೆ ತಾಗಿದರೆ ಅಲರ್ಜಿ ಶುರುವಾಗಬಹುದು, ಒಮ್ಮೆ ಬಂದರೆ ಜೀವನಪೂರ್ತಿ ಇರುತ್ತದೆ. ಹಚ್ಚುವವರ ಬೆರಳಿಗೆ ಅಪಾಯ ಹೆಚ್ಚು, ಕಿಟಕಿ ತೆರೆದಿಡಿ, ನೈಟ್ರೈಲ್ ಗ್ಲೌಸ್ ಹಾಕಿ. ಕೆಲವು ಜೆಲ್‌ಗಳಲ್ಲಿದ್ದ ಟಿಪಿಒ ಎಂಬ ರಾಸಾಯನಿಕವನ್ನು ಯುರೋಪಿಯನ್ ಒಕ್ಕೂಟ 2025ರ ಸೆಪ್ಟೆಂಬರ್ 1ರಿಂದ ನಿಷೇಧಿಸಿದೆ. ಕೊಳ್ಳುವಾಗ ಲೇಬಲ್ ಓದಿ. ಕಪ್ಪು ಮೆಹೆಂದಿ ಕೋನುಗಳ ಬಗ್ಗೆಯೂ ಎಚ್ಚರ. ನಮ್ಮ ಮದರಂಗಿ ಸೊಪ್ಪು ಕೆಂಪು ಕೊಡುತ್ತದೆ. ಅರ್ಧ ಗಂಟೆಗೆ ಕರ್ರಗಾಗುವುದರಲ್ಲಿ ತಲೆಗೂದಲ ಡೈಯ ರಾಸಾಯನಿಕ ಬೆರೆತಿರುತ್ತದೆ, ಕೈ ತುಂಬ ಬೊಬ್ಬೆ ಏಳಿಸಬಲ್ಲದು.

ಇನ್ನು ನೀವು ಏನನ್ನು ನೋಡಬೇಕು? ಹಳೆಯ ಬಣ್ಣ ಒರೆಸಿದಾಗ ಉಗುರು ದಪ್ಪಗೆ, ಹಳದಿಗೆ, ಪುಡಿಪುಡಿಯಾಗಿದ್ದರೆ ಮೇಲೆ ಬಣ್ಣ ಬಳಿದು ಮುಚ್ಚಬೇಡಿ. ಅದು ಫಂಗಸ್ ಇರಬಹುದು, ಸೋರಿಯಾಸಿಸ್ ಕೂಡ ಇರಬಹುದು. ಉಗುರಿನ ತುಣುಕನ್ನು ಪರೀಕ್ಷೆ ಮಾಡಿಯೇ ಹೇಳಬೇಕು. ಫಂಗಸ್ ಆದರೆ ಕಾಲುಗುರಿಗೆ ಸಾಮಾನ್ಯವಾಗಿ ಮೂರು ತಿಂಗಳು ಮಾತ್ರೆ, ಆಮೇಲೂ ಉಗುರು ಬೆಳೆದು ಬರುವವರೆಗೆ ತಾಳ್ಮೆ ಬೇಕು.

ಉಗುರು ನಡುವೆ ಹಳ್ಳ ಬಿದ್ದು, ಅಂಚು ಮೇಲಕ್ಕೆದ್ದು, ಒಂದು ಹನಿ ನೀರು ನಿಲ್ಲುವಂತಿದ್ದರೆ ಮೈಯಲ್ಲಿ ಕಬ್ಬಿಣಾಂಶ ತೀರಾ ಇಳಿದಿರಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದ 15ರಿಂದ 49ರ ಪ್ರಾಯದ ಹೆಣ್ಣುಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಬರಿಗಾಲಲ್ಲಿ ಹಸಿಮಣ್ಣು ತುಳಿಯುವವರಿಗೆ ಕೊಕ್ಕೆಹುಳು ಪಾದದ ಚರ್ಮದಿಂದಲೇ ಒಳಹೊಕ್ಕು ಕರುಳಲ್ಲಿ ರಕ್ತ ಹೀರುತ್ತದೆ. ಕಾಲು ಹಿಡಿದು ಕೂತಿರುವ ಪಾರ್ಲರಿನ ಹುಡುಗಿ “ಅಕ್ಕ, ನಿಮ್ಮ ರಕ್ತ ಒಮ್ಮೆ ಪರೀಕ್ಷೆ ಮಾಡಿಸಿ” ಎಂದು ಹೇಳಿದರೆ, ಆ ಒಂದು ಮಾತಿಗೆ ಬೆಲೆ ಕಟ್ಟಲಾಗದು. ಆಶಾ ಅಕ್ಕಂದಿರು ಮುಂದಿನದನ್ನು ನೋಡಿಕೊಳ್ಳುತ್ತಾರೆ.

ಒಂದೇ ಉಗುರಿನಲ್ಲಿ ಹೊಸದಾಗಿ ಕಪ್ಪು ಗೀಟು ಮೂಡಿ, ಅಗಲವಾಗುತ್ತಾ, ಬುಡದ ಚರ್ಮಕ್ಕೂ ಕಪ್ಪು ಹರಡಿದರೆ ತಡಮಾಡಬೇಡಿ. ನಮ್ಮಂಥ ಕಂದುಬಣ್ಣದವರಿಗೆ ಹಲವು ಉಗುರುಗಳಲ್ಲಿ ಕಂದು ಗೀಟು ಇರುವುದು ಸಹಜ, ಅದಕ್ಕೆ ಹೆದರಬೇಕಿಲ್ಲ. ಒಂಟಿ ಗೀಟು ಬೇರೆ. ಜಮೈಕಾದ ಹಾಡುಗಾರ ಬಾಬ್ ಮಾರ್ಲಿಯ ಕಾಲ್ಬೆರಳ ಉಗುರಿನಡಿಯ ಗಾಯ ಫುಟ್‌ಬಾಲ್ ಆಡುವಾಗ ಬಿದ್ದ ಪೆಟ್ಟು ಎಂದೇ ತೋರಿತ್ತು. 1977ರಲ್ಲಿ ಅದು ಮೆಲನೋಮ ಎಂಬ ಕ್ಯಾನ್ಸರ್ ಎಂದು ಗೊತ್ತಾಯಿತು. 1981ರಲ್ಲಿ ಆತ ತೀರಿಕೊಂಡಾಗ ವಯಸ್ಸು 36.

ಸಕ್ಕರೆ ಕಾಯಿಲೆಯವರು ಬಂದರೆ ಪೆಡಿಕ್ಯೂರಿಗೆ ಮೊದಲು ಪಾದ ನೋಡಿ. ಮರಗಟ್ಟಿದೆಯೇ, ಗಾಯವಿದೆಯೇ ಕೇಳಿ. ಇದ್ದರೆ ನೆನೆಸುವುದು, ಕೆರೆಯುವುದು, ಆಣಿ ಕತ್ತರಿಸುವುದು ಬೇಡವೇ ಬೇಡ, ಆಸ್ಪತ್ರೆಗೆ ಕಳಿಸಿ. ನೀರು ಎಷ್ಟು ಬಿಸಿ ಎಂದು ಆ ಕಾಲಿಗೆ ತಿಳಿಯುವುದಿಲ್ಲ. ದೀಪ ಹಚ್ಚಿದ ಮೇಲೆ ಉಗುರು ತೆಗೆಯಬಾರದು ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದುದನ್ನು ಇವರ ಮಟ್ಟಿಗೆ ನಾನು ಹಾಗೇ ಉಳಿಸಿಕೊಳ್ಳುತ್ತೇನೆ: ಕಣ್ಣು ಮಂಜಾದವರ ಉಗುರನ್ನು ಹಗಲು ಬೆಳಕಿನಲ್ಲಿ, ಕಣ್ಣು ಚೆನ್ನಾಗಿರುವವರು ತೆಗೆಯಲಿ.

ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗವಿದೆ, ಮದ್ದೂರು, ಮಳವಳ್ಳಿಯಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಅನುಮಾನ ಬಂದ ಉಗುರಿನ ಫೋಟೊ ತೆಗೆದು, ಗಿರಾಕಿಯ ಒಪ್ಪಿಗೆ ಪಡೆದು, ಅವರ ಕೈಯಲ್ಲೇ ಕೊಟ್ಟು ಕಳಿಸಿ. ಮುಂದಿನ ತಿಂಗಳು ಹೋಲಿಸಿ ನೋಡಲು ವೈದ್ಯರಿಗೆ ಅದು ತುಂಬ ನೆರವಾಗುತ್ತದೆ.

ಈ ಪ್ರದರ್ಶನ ಉದ್ಘಾಟನೆಯಾಗಿದೆ ಎಂದು ಸಂತೋಷದಿಂದ ಘೋಷಿಸುತ್ತೇನೆ. ಎಡಗಡೆಯ ಮೊದಲ ಮಳಿಗೆಯಲ್ಲಿ ಆಟೊಕ್ಲೇವ್ ಬಳಸುವುದನ್ನು ಈಗಲೇ ತೋರಿಸುತ್ತಾರೆ. ನಿಮ್ಮ ನಿಪ್ಪರುಗಳನ್ನು ತಂದಿದ್ದರೆ ಕೈಯಲ್ಲಿ ಹಿಡಿದುಕೊಂಡೇ ಅಲ್ಲಿಗೆ ಬನ್ನಿ. ಗದ್ದೆಯಿಂದ ಬಂದಿರುವ ತಾಯಂದಿರು ಬಲಮೂಲೆಯಲ್ಲಿ ನನ್ನ ಹತ್ತಿರ ಬಂದು ಕೈ ತೋರಿಸಿ, ಸಂಜೆವರೆಗೂ ಅಲ್ಲೇ ಇರುತ್ತೇನೆ.